ಕ್ಯಾಮೆರಾ ಬದಲಿಸುವ ಮೊದಲು ಹಳೆಯ ಫೋಟೋ ತೆರೆಯಿರಿ: ಮುಂಬೈನ ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

"ಯಾವ ಕ್ಯಾಮೆರಾ ತಗೊಳ್ಳಲಿ?" ಮಾಟುಂಗ, ಥಾಣೆ, ಡೊಂಬಿವಲಿ ಕಡೆಯ ಹವ್ಯಾಸಿಗಳಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಆಗಲೇ ಒಂದು ಕ್ಯಾಮೆರಾ ಇರುತ್ತದೆ. ಕೆಲವರದು ಮೂರನೆಯದು. ಆದರೂ ಯಕ್ಷಗಾನದ ಫೋಟೋ ಮಸುಕು, ಫ್ಲೆಮಿಂಗೊ ಬರೀ ಗುಲಾಬಿ ಚುಕ್ಕೆ, ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಬೂಷ್ಟು.

ಈ ಮೂರಕ್ಕೂ ಹೊಸ ಬಾಡಿಯೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮದ್ದು ಅಂದುಕೊಂಡು ಅಂಗಡಿಗೆ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಮೊದಲನೆಯದಕ್ಕೆ ಬೇಕಿರುವುದು ಹೆಚ್ಚು ಬೆಳಕು ಬಿಡುವ ಲೆನ್ಸ್. ಎರಡನೆಯದಕ್ಕೆ ಉದ್ದದ ಲೆನ್ಸ್ ಜೊತೆಗೆ ಉಬ್ಬರ ಇಳಿತದ ಲೆಕ್ಕ. ಮೂರನೆಯದಕ್ಕೆ ಗಾಳಿಯಾಡದ ಒಂದು ಡಬ್ಬಿ. ಬಾಡಿ ಮೊದಲು, ಲೆನ್ಸ್ ಆಮೇಲೆ, ಅಗತ್ಯ ಏನೆಂದು ಕೊನೆಗೆ ನೋಡುವ ಈ ಕ್ರಮದಿಂದಲೇ ದುಡ್ಡು ಹಾಳಾಗುತ್ತಿದೆ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ, ಎಂಟನೆಯದನ್ನು ಮಾತ್ರ ಕ್ಯಾಮೆರಾ ಮನೆಗೆ ಬರುವ ಮೊದಲೇ. ಐದನೇ ಹಂತಕ್ಕೆ ಬರುವವರೆಗೆ ಅಂಗಡಿ ಕಡೆ ಹೋಗಬೇಡಿ.

## ಕೈಯಲ್ಲಿ ಇರಬೇಕಾದದ್ದು

ನಿಮ್ಮ ಹಳೆಯ ಫೋಟೋಗಳು, ಎಡಿಟ್ ಮಾಡದ ಮೂಲ ಫೈಲ್‌ಗಳೇ ಬೇಕು. ವಾಟ್ಸಾಪ್‌ನಲ್ಲಿ ಬಂದು ಹೋದ ಫೋಟೋದಲ್ಲಿ ಕ್ಯಾಮೆರಾದ ಮಾಹಿತಿ ಅಳಿಸಿಹೋಗಿರುತ್ತದೆ. ಆ ಮಾಹಿತಿ ಓದಲು ಕಂಪ್ಯೂಟರಿನಲ್ಲಿ ಡಿಜಿಕ್ಯಾಮ್ ಅಥವಾ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎರಡೂ ಉಚಿತ. ಮುಂದೆ ಕ್ಯಾಮೆರಾ ಪರೀಕ್ಷೆಗೆ ನಿಮ್ಮದೇ ಮೆಮೊರಿ ಕಾರ್ಡ್, ಒಂದು ಟಾರ್ಚು (ಫೋನಿನದಾದರೂ ಸಾಕು), ಒಂದು ಕನ್ನಡ ದಿನಪತ್ರಿಕೆ, ಸ್ವಲ್ಪ ಸೆಲ್ಲೋ ಟೇಪು ಬೇಕಾಗುತ್ತದೆ.

## ಹಂತ 1: ನಿಮ್ಮ ಫೋಟೋಗಳನ್ನೇ ಓದಿ

ಕಳೆದ ಒಂದೆರಡು ವರ್ಷದ ಫೋಟೋಗಳಿಂದ ಎರಡು ಗುಂಪು ಮಾಡಿ. ನಿಮಗೆ ಮನಸ್ಸಿಗೆ ಹಿಡಿಸಿದವು ಒಂದು ಕಡೆ. ಚೆನ್ನಾಗಿ ಬರಬೇಕಿತ್ತು ಆದರೆ ಕೆಟ್ಟುಹೋಯಿತು ಅನ್ನುವವು ಇನ್ನೊಂದು ಕಡೆ. ಎರಡನೇ ಗುಂಪು ಅಳಿಸಿಬಿಟ್ಟಿದ್ದರೆ ಇನ್ನು ಮುಂದೆ ಕೆಲವು ತಿಂಗಳು ಅಳಿಸಬೇಡಿ. ಕ್ಯಾಮೆರಾ ಆಯ್ಕೆಗೆ ಬೇಕಾದ ಸುಳಿವು ಅಲ್ಲೇ ಇರುವುದು.

ಪ್ರತಿ ಫೋಟೋದಲ್ಲೂ ನಾಲ್ಕು ಸಂಖ್ಯೆ ನೋಡಿ: ಫೋಕಲ್ ಲೆಂಗ್ತ್ (ಎಂಎಂ ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ), ಶಟರ್ ಸ್ಪೀಡ್ (ಬೆಳಕು ಒಳಬರುವ ಸಮಯ, 1/60 ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ), ಅಪರ್ಚರ್ (ಲೆನ್ಸ್ ತೆರೆಯುವ ಅಳತೆ, ಎಫ್/ ಮುಂದಿನ ಸಂಖ್ಯೆ ಚಿಕ್ಕದಾದಷ್ಟು ಹೆಚ್ಚು ಬೆಳಕು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಎಕ್ಸೆಲ್ ಶೀಟ್ ಮಾಡುವ ಅಗತ್ಯವಿಲ್ಲ. ಫೋಟೋಗಳ ಮೇಲೆ ಕಣ್ಣಾಡಿಸಿದರೆ ಸಾಕು, ಒಂದೇ ಥರದ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ.

18-55 ಎಂಎಂ ಲೆನ್ಸ್ ಇದ್ದು ಹೆಚ್ಚಿನ ಫೋಟೋ 55ರಲ್ಲೇ ತೆಗೆದಿದ್ದರೆ, ಅದರ ಮೇಲೂ ಕತ್ತರಿಸಿ ದೊಡ್ಡದು ಮಾಡಿದ್ದರೆ, ನಿಮಗೆ ದೂರ ಎಟುಕುತ್ತಿಲ್ಲ. ಎಲ್ಲ 18ರಲ್ಲೇ ಇದ್ದರೆ ಅಗಲ ಸಾಲುತ್ತಿಲ್ಲ. 30-35ರ ಸುತ್ತ ಗುಂಪಾಗಿದ್ದರೆ ನಿಮಗೆ ಬಹುಶಃ ಬೇಕಿರುವುದು ಒಂದು ಪುಟ್ಟ 35 ಎಂಎಂ ಎಫ್/1.8 ಲೆನ್ಸ್ ಅಷ್ಟೇ. ಹೊಸ ಬಾಡಿ ಕೊಳ್ಳಬೇಕೆಂದು ಹೊರಟವರ ಪ್ರಯಾಣ ಇಲ್ಲಿಗೇ ಮುಗಿಯಬಹುದು. ಅದು ಒಳ್ಳೆಯ ಸುದ್ದಿಯೇ.

### ಮಸುಕು ಮೂರು ಬಗೆ

"ಕ್ಯಾಮೆರಾ ಸರಿಯಿಲ್ಲ, ಫೋಟೋ ಶಾರ್ಪ್ ಬರಲ್ಲ" ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಫೋಟೋವನ್ನು ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನೋಡಿ.

ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಇರುವ ಲೆನ್ಸ್ ಅಥವಾ ಬಾಡಿ ಇಲ್ಲಿ ನೆರವಿಗೆ ಬರುತ್ತದೆ. ಶಟರ್ ಸ್ಪೀಡ್ ಏರಿಸಿದರೂ ಸರಿಹೋಗುತ್ತದೆ.

ರಂಗಸ್ಥಳದ ಪರದೆ, ಮೈಕ್ ಸ್ಟ್ಯಾಂಡ್ ಎಲ್ಲ ಸ್ಪಷ್ಟವಾಗಿದ್ದು ವೇಷಧಾರಿ ಮಾತ್ರ ಮಸುಕಾಗಿದ್ದರೆ ಶಟರ್ ನಿಧಾನವಾಗಿದೆ. ಇದಕ್ಕೆ ಸ್ಟೆಬಿಲೈಸೇಶನ್ ಏನೂ ಮಾಡಲಾರದು. ಅದು ನಿಮ್ಮ ಕೈ ಹಿಡಿಯುತ್ತದೆ, ಕುಣಿಯುವವರ ಕಾಲನ್ನಲ್ಲ. ಕುಳಿತ ಭಾಗವತರಿಗೆ 1/60 ಸಾಕಾಗಬಹುದು. ಧೀಂಗಿಣ ಹಾಕುವ (ಗಿರಗಿರ ಸುತ್ತಿ ಹಾರುವ) ವೇಷಕ್ಕೆ 1/500 ಬೇಕು. ಅಷ್ಟು ವೇಗಕ್ಕೆ ಬೆಳಕು ಬೇಕು, ಬೆಳಕಿಗೆ ಲೆನ್ಸ್ ಬೇಕು.

ವೇಷಧಾರಿಯ ಮುಖ ಮಸುಕಾಗಿ ಹಿಂದಿನ ಚೆಂಡೆಯವರು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಈ ಮೂರನೆಯದಕ್ಕೆ ಮಾತ್ರ ಹೊಸ ಬಾಡಿ ಕೆಲವೊಮ್ಮೆ ನಿಜವಾದ ಪರಿಹಾರ. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಕಣ್ಣನ್ನು ಹುಡುಕಿ ಹಿಡಿಯುತ್ತವೆ. ಆದರೆ ದಟ್ಟ ಮುಖವರ್ಣಿಕೆ ಬಳಿದ ಮುಖದಲ್ಲಿ ಅವೂ ತಡವರಿಸಬಹುದು. ಅದಕ್ಕೇ ನಾಲ್ಕನೇ ಹಂತ ಇಟ್ಟಿರುವುದು.

### ಬೆಳಕಿನ ಲೆಕ್ಕ

ಈ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಲಕ್ಷಗಟ್ಟಲೆ ಸುರಿಯುತ್ತಾರೆ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/2.8 ಲೆನ್ಸ್ ಅದರ 4 ಪಟ್ಟು ಬೆಳಕು ಬಿಡುತ್ತದೆ. 50 ಎಂಎಂ ಎಫ್/1.8 ಲೆನ್ಸ್ ಹೆಚ್ಚುಕಮ್ಮಿ 10 ಪಟ್ಟು.

ಈಗ ಬಾಡಿ ಬದಲಿಸಿದರೆ ಏನಾಗುತ್ತದೆ ನೋಡಿ. ಬೆಳಕು ಹಿಡಿಯುವ ಸೆನ್ಸರಿನಲ್ಲಿ ಎರಡು ಗಾತ್ರ ಸಾಮಾನ್ಯ. ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಸುಮಾರು 23.5 x 15.6 ಎಂಎಂ. ಫುಲ್ ಫ್ರೇಮ್ 36 x 24 ಎಂಎಂ. ಅಂದರೆ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಜಾಸ್ತಿ. ಸಿಗುವ ಲಾಭವೂ ಸರಿಸುಮಾರು ಅಷ್ಟೇ. ಹಳೆಯ ಬಾಡಿಗೆ ಎಫ್/1.8 ಲೆನ್ಸ್ ಹಾಕಿದವರ ಫೋಟೋ, ಫುಲ್ ಫ್ರೇಮ್ ಬಾಡಿಗೆ ಎಫ್/5.6 ಲೆನ್ಸ್ ಹಾಕಿದವರದಕ್ಕಿಂತ ಸಭಾಂಗಣದೊಳಗೆ ಚೆನ್ನಾಗಿಯೇ ಬರುತ್ತದೆ. ಖರ್ಚು ಅದರ ಒಂದು ಸಣ್ಣ ಪಾಲು.

## ಹಂತ 2: ಅಗತ್ಯವನ್ನು ಒಂದು ಸಾಲಿನಲ್ಲಿ ಬರೆಯಿರಿ

ಏನನ್ನು, ಎಲ್ಲಿ, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ಹೇಗೆ ಹೊತ್ತುಕೊಂಡು. ಈ ಐದೂ ಆ ಸಾಲಿನಲ್ಲಿ ಬರಬೇಕು.

"ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದ ನಾಲ್ಕನೇ ಸಾಲಿನಿಂದ, ರಂಗದ ಬೆಳಕಿನಲ್ಲಿ, ನಾಟಕ ಮತ್ತು ಯಕ್ಷಗಾನ, ಹೋಗಿಬರುವುದು ಲೋಕಲ್ ಟ್ರೈನಿನಲ್ಲಿ." ಇದು ಒಳ್ಳೆಯ ಸಾಲು. "ಎಲ್ಲ ಥರದ ಫೋಟೋ" ಅಂತ ಬರೆದರೆ ಮತ್ತೆ ಒಂದನೇ ಹಂತಕ್ಕೆ ಹೋಗಿ. ಎಲ್ಲವನ್ನೂ ಚೆನ್ನಾಗಿ ಮಾಡುವ ಕ್ಯಾಮೆರಾ ಇಲ್ಲ. ಇದ್ದಂತೆ ಕಂಡರೂ ಅದರ ತೂಕಕ್ಕೆ ಮೂರನೇ ತಿಂಗಳು ಅದು ಕಪಾಟಿನಲ್ಲೇ ಉಳಿಯುತ್ತದೆ.

ಹಕ್ಕಿ ನಿಮ್ಮ ವಿಷಯವಾಗಿದ್ದರೆ ದೂರದ ಲೆಕ್ಕ ಬೇರೆ. ಫ್ಲೆಮಿಂಗೊಗಳು ಸಾಮಾನ್ಯವಾಗಿ ನವೆಂಬರಿನಿಂದ ಮೇ ತನಕ ಥಾಣೆ ಕೊಲ್ಲಿಯಲ್ಲಿರುತ್ತವೆ. ಇಳಿತದ ಹೊತ್ತಿಗೆ ದಡದಲ್ಲಿ ನಿಂತರೆ ಅವು ಕೆಸರಿನಾಚೆ ಎಲ್ಲೋ ಇರುತ್ತವೆ. ನೀರು ಏರುತ್ತಾ ಬಂದಾಗ ದಡಕ್ಕೆ ಹತ್ತಿರ ಸರಿಯುತ್ತವೆ. ಉಬ್ಬರದ ಸಮಯ ನೋಡಿಕೊಂಡು ಹೋಗುವುದು, ಅಥವಾ ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದ ದೋಣಿ ಹತ್ತುವುದು. ಇವೆರಡನ್ನೂ ಮಾಡಿ ನೋಡದೆ 600 ಎಂಎಂ ಲೆನ್ಸಿನ ಬೆಲೆ ವಿಚಾರಿಸಬೇಡಿ. ಎಪಿಎಸ್-ಸಿ ಬಾಡಿಯಲ್ಲಿ 300 ಎಂಎಂ ಲೆನ್ಸ್ ಹಾಕಿದರೆ ಫುಲ್ ಫ್ರೇಮಿನ 450 ಎಂಎಂನಷ್ಟೇ ನೋಟ ಸಿಗುತ್ತದೆ. ಕ್ಯಾನನ್ ಎಪಿಎಸ್-ಸಿಯಲ್ಲಾದರೆ 480. ಹಕ್ಕಿಯವರಿಗೆ ಸಣ್ಣ ಸೆನ್ಸರ್ ಅನುಕೂಲವೇ.

### ನೀರಿನ ಬಾಟಲಿ ಪರೀಕ್ಷೆ

ಬ್ಯಾಗಿನಲ್ಲಿ 2 ಲೀಟರ್ ನೀರಿನ ಬಾಟಲಿ ತುಂಬಿಕೊಂಡು ಬೆಳಗಿನ ಜನಜಂಗುಳಿಯಲ್ಲಿ ಡೊಂಬಿವಲಿಯಿಂದ ಸಿಎಸ್ಎಂಟಿ ನಿಲ್ದಾಣಕ್ಕೆ ಹೋಗಿ ಬನ್ನಿ. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಬಾಡಿಗೆ 24-70 ಎಂಎಂ ಎಫ್/2.8 ಲೆನ್ಸ್ ಹಾಕಿದರೆ ಹೆಚ್ಚುಕಮ್ಮಿ ಅಷ್ಟೇ ಭಾರ. ಮರುದಿನ ಅರ್ಧ ಲೀಟರ್ ಬಾಟಲಿ ಒಯ್ಯಿರಿ. ಚಿಕ್ಕ ಮೈಕ್ರೋ ಫೋರ್ ಥರ್ಡ್ಸ್ (ಎಪಿಎಸ್-ಸಿಗಿಂತಲೂ ಸಣ್ಣ ಸೆನ್ಸರಿನ) ಬಾಡಿ, ಪುಟ್ಟ ಜೂಮ್ ಲೆನ್ಸ್ ಸೇರಿದರೆ ಆ ತೂಕ. ಯಾವುದನ್ನು ಪ್ರತಿ ಭಾನುವಾರ ಹೊರಬಲ್ಲಿರಿ ಅನ್ನುವುದಕ್ಕೆ ನಿಮ್ಮ ಭುಜವೇ ಉತ್ತರ ಹೇಳುತ್ತದೆ. ವಯಸ್ಸು ಐವತ್ತು ದಾಟಿದವರು ಈ ಪರೀಕ್ಷೆಯನ್ನು ಬಿಡಲೇಬೇಡಿ.

## ಹಂತ 3: ಮೊದಲು ಲೆನ್ಸ್, ಆಮೇಲೆ ಅದಕ್ಕೆ ಒಪ್ಪುವ ಬಾಡಿ

ನಿಮ್ಮ ಒಂದು ಸಾಲು ಯಾವ ಲೆನ್ಸ್ ಕೇಳುತ್ತದೋ ಅದನ್ನು ಬರೆದಿಡಿ. ಸಭಾಂಗಣಕ್ಕೆ 50 ಅಥವಾ 85 ಎಂಎಂ ಎಫ್/1.8. ಹಕ್ಕಿಗೆ 300 ಎಂಎಂ ಅಥವಾ ಅದಕ್ಕೂ ಉದ್ದ. ಭುಲೇಶ್ವರ, ಕ್ರಾಫರ್ಡ್ ಮಾರ್ಕೆಟ್ ಕಡೆ ಬೀದಿ ಫೋಟೋಕ್ಕೆ 35 ಎಂಎಂನಷ್ಟು ನೋಟ ಕೊಡುವ ಹಗುರ ಲೆನ್ಸ್. ಒಟ್ಟು ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಲೆನ್ಸಿಗೆ ಎತ್ತಿಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಾಡಿಯ ಬೆಲೆ ಬೇಗ ಇಳಿಯುತ್ತದೆ. ಒಳ್ಳೆಯ ಲೆನ್ಸ್ ಮೂರು ಬಾಡಿಗಳಷ್ಟು ಕಾಲ ಬಾಳುತ್ತದೆ.

ಮೌಂಟ್ (ಲೆನ್ಸ್ ಬಾಡಿಗೆ ಕೂರುವ ಜೋಡಣೆ) ವಿಚಾರದಲ್ಲಿ ಜನ ಎಡವುವ ಜಾಗಗಳು ಇವು. ನಿಕಾನ್ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ, ತನ್ನೊಳಗೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಡಿ7000 ಸರಣಿಯಲ್ಲಿ ಮೋಟಾರ್ ಇದೆ. ನಿಕಾನಿನ ಮಿರರ್‌ಲೆಸ್ ಝಡ್ ಬಾಡಿಗೆ ನಿಕಾನಿನದೇ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಎಎಫ್-ಡಿ ಲೆನ್ಸ್‌ಗಳಲ್ಲಿ ಆಟೋಫೋಕಸ್ ಬರುವುದಿಲ್ಲ. ಕ್ಯಾನನ್ ಕಡೆ ಇದು ಸುಲಭ: ಡಿಎಸ್‌ಎಲ್‌ಆರ್‌ನ ಇಎಫ್ ಲೆನ್ಸ್‌ಗಳು ಕ್ಯಾನನ್ ಅಡಾಪ್ಟರ್ ಮೂಲಕ ಮಿರರ್‌ಲೆಸ್ ಆರ್‌ಎಫ್ ಬಾಡಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ.

ನಿಂತುಹೋದ ಸರಣಿಗಳೂ ಇವೆ. ನಿಕಾನ್ 1, ಸ್ಯಾಮ್ಸಂಗ್ ಎನ್ಎಕ್ಸ್, ಕ್ಯಾನನ್ ಇಎಫ್-ಎಂ. ಇವುಗಳಿಗೆ ಹೊಸ ಲೆನ್ಸ್ ಬರುವುದಿಲ್ಲ. ಬೆಲೆ ಕಮ್ಮಿ ಅಂತ ಆಸೆಪಟ್ಟು ಇವುಗಳೊಳಗೆ ಹೋಗಬೇಡಿ. ಡಿಎಸ್‌ಎಲ್‌ಆರ್ ಮಾತು ಬೇರೆ. ಕ್ಯಾನನ್, ನಿಕಾನ್ ಎರಡೂ ಮಿರರ್‌ಲೆಸ್ ಕಡೆ ವಾಲಿದ ಮೇಲೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದಿವೆ. ಬಜೆಟ್ ಬಿಗಿಯಾಗಿರುವ ಹವ್ಯಾಸಿಗೆ ಇದು ಒಳ್ಳೆಯ ಕಾಲ.

## ಹಂತ 4: ಒಂದು ವಾರಾಂತ್ಯ ಬಾಡಿಗೆಗೆ ತನ್ನಿ

ಮುಂಬೈಯಲ್ಲಿ ಸಿನಿಮಾ, ಮದುವೆ ಕೆಲಸ ಜಾಸ್ತಿ ಇರುವುದರಿಂದ ಕ್ಯಾಮೆರಾ ಬಾಡಿಗೆಗೆ ಕೊಡುವವರು ಹಲವರಿದ್ದಾರೆ. ಗುರುತಿನ ಚೀಟಿ, ಡೆಪಾಸಿಟ್ ಕೇಳುತ್ತಾರೆ. ವಸ್ತು ಕೈಗೆ ತೆಗೆದುಕೊಂಡಾಗ ಅವರ ಎದುರಿಗೇ ಎಲ್ಲ ಕಡೆಯಿಂದ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮೊದಲೇ ಇದ್ದ ಗೀರಿಗೆ ನಿಮ್ಮ ಡೆಪಾಸಿಟ್ ಹೋಗಬಾರದು, ಅಲ್ವಾ?

ಬಾಡಿಗೆ ಕ್ಯಾಮೆರಾದಲ್ಲಿ ಮರೀನ್ ಡ್ರೈವಿನ ಸೂರ್ಯಾಸ್ತ ತೆಗೆಯಬೇಡಿ. ಅದು ಯಾವ ಕ್ಯಾಮೆರಾದಲ್ಲೂ ಚೆನ್ನಾಗಿ ಬರುತ್ತದೆ. ಒಂದನೇ ಹಂತದಲ್ಲಿ ಕೆಟ್ಟ ಫೋಟೋಗಳ ಗುಂಪು ಮಾಡಿದ್ದೀರಲ್ಲ, ಅದೇ ಜಾಗ, ಅದೇ ಹೊತ್ತು, ಅದೇ ವಿಷಯಕ್ಕೆ ಹೋಗಿ. ಮನೆಗೆ ಬಂದು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಹುಡುಕಿ ಹುಡುಕಿ ಕಾಣಬೇಕಾದರೆ ಆ ಕ್ಯಾಮೆರಾ ನಿಮಗೆ ಬೇಡ.

ಜೊತೆಗೆ ಕೈಗೆ ಹೇಗೆ ಕೂರುತ್ತದೆ ಗಮನಿಸಿ. ಕಿರುಬೆರಳು ಕೆಳಗೆ ಜಾರಿ ನೇತಾಡುತ್ತದೆಯೇ? ಕನ್ನಡಕ ಹಾಕಿಕೊಂಡು ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ನಾಲ್ಕೂ ಮೂಲೆ ಕಾಣುತ್ತವೆಯೇ? ಐಎಸ್‌ಒ ಬದಲಿಸಲು ಕಣ್ಣು ತೆಗೆಯಬೇಕೇ? ಜಾಹೀರಾತಿನಲ್ಲಿ ಇವು ಇರುವುದಿಲ್ಲ. ಹತ್ತು ವರ್ಷ ಜೊತೆಗಿರುವ ಕ್ಯಾಮೆರಾದಲ್ಲಿ ಇವೇ ಮುಖ್ಯ.

## ಹಂತ 5: ಎಲ್ಲಿ, ಹೇಗೆ ಕೊಳ್ಳುವುದು

ಸಿಎಸ್ಎಂಟಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಫೋರ್ಟಿನ ಬೋರಾ ಬಜಾರ್, ದಾದಾಭಾಯಿ ನವರೋಜಿ ರಸ್ತೆ ಸುತ್ತ ಕ್ಯಾಮೆರಾ ಅಂಗಡಿಗಳಿವೆ. ಭಾನುವಾರ ಹೋಗಬೇಡಿ, ಫೋರ್ಟಿನಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ವಾರದ ದಿನ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ನಿಧಾನವಾಗಿ ನೋಡಲು ಬಿಡುತ್ತಾರೆ.

ಎರಡು ಬೆಲೆ ಹೇಳಿದರೆ ಎಚ್ಚರ: ಬಿಲ್ ಸಮೇತ ಒಂದು, ಬಿಲ್ ಇಲ್ಲದೆ ಇನ್ನೊಂದು. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಇಳಿಯಿತು. ಆ ತೆರಿಗೆ ಉಳಿಸುವ ಆಸೆಗೆ ಬಿಲ್ ಬಿಟ್ಟರೆ ಭಾರತದ ವಾರಂಟಿಯನ್ನೂ ಬಿಟ್ಟಂತೆಯೇ. ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಗ್ರೇ ಮಾರ್ಕೆಟ್ ಮಾಲಿಗೆ ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿ ಕೊಡದೆ ಹೋಗಬಹುದು. ಬಿಲ್ಲಿನಲ್ಲಿ ಬಾಡಿಯ ಸೀರಿಯಲ್ ನಂಬರ್ ಬರೆಸಿ. ಬಾಡಿ, ಡಬ್ಬಿ, ಬಿಲ್ ಮೂರರಲ್ಲೂ ಅದೇ ನಂಬರ್ ಇರಬೇಕು.

ಚೋರ್ ಬಜಾರಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ನೋಡುವುದು ಖುಷಿಯ ಕೆಲಸ. ಡಿಜಿಟಲ್ ಬಾಡಿ ಮಾತ್ರ ಅಲ್ಲಿ ಬೇಡ.

ಖಾಸಗಿಯಾಗಿ ಮಾರುವವರಿಂದ ಕೊಳ್ಳುವುದಾದರೆ ಹಗಲಿನಲ್ಲಿ, ಜನ ಇರುವ ಹೋಟೆಲಿನಲ್ಲಿ ಭೇಟಿಯಾಗಿ. ಟೇಬಲ್ ಸಿಗುತ್ತದೆ, ಗೋಡೆ ಸಿಗುತ್ತದೆ, ಪರೀಕ್ಷೆಗೆ ಎರಡೂ ಬೇಕು. "ಇನ್ನೊಬ್ಬರು ಕೇಳ್ತಿದ್ದಾರೆ, ಟೋಕನ್ ಕಳಿಸಿ" ಅಂದರೆ ಅಲ್ಲಿಗೇ ಬಿಡಿ.

## ಹಂತ 6: ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಪರೀಕ್ಷೆ

ಅರ್ಧ ಗಂಟೆ ಬೇಕು. ಮಾರುವವರಿಗೆ ಮೊದಲೇ ಹೇಳಿಡಿ. ಆತುರಪಡಿಸುವವರ ಹತ್ತಿರ ಕೊಳ್ಳಬೇಡಿ.

### ಹೊರಗಿನಿಂದ ಶುರು ಮಾಡಿ

ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಮೂಲೆಯಲ್ಲಿ ಜಜ್ಜಿದ ಗುರುತು ಇದ್ದರೆ ಬಿದ್ದಿದೆ. ರಬ್ಬರ್ ಅಂಟಂಟಾಗಿದ್ದರೆ ಅಥವಾ ಉಬ್ಬಿದ್ದರೆ ತೇವದಲ್ಲಿ ಇಟ್ಟಿದ್ದಿರಬಹುದು. ಬ್ಯಾಟರಿ ಗೂಡು ತೆರೆದು ಒಳಗಿನ ಲೋಹದ ತುದಿ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು ಹೋಗಿದೆ. ಕಡಲ ತೀರದ ಊರಿನಲ್ಲಿ ಇದು ಅಪರೂಪವಲ್ಲ. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

### ಸೆನ್ಸರ್

ಅಪರ್ಚರ್ ಎಫ್/16 ಇಟ್ಟು, ಫೋಕಸ್ ಬೇಕೆಂದೇ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಧೂಳು. ಧೂಳನ್ನು ಶುಚಿ ಮಾಡಿಸಬಹುದು, ಹೆದರಬೇಡಿ. ಎಣ್ಣೆಯ ಚುಕ್ಕೆ ಬೇರೆ ಮಾತು. 2012ರ ನಿಕಾನ್ ಡಿ600ರಲ್ಲಿ ಈ ತೊಂದರೆ ಹೆಸರುವಾಸಿ. ಕಂಪನಿಯೇ ಆಗ ಅದರ ಶಟರ್ ಉಚಿತವಾಗಿ ಬದಲಿಸಿಕೊಟ್ಟಿತ್ತು. ಆ ಮಾಡೆಲ್ ನೋಡುತ್ತಿದ್ದರೆ ಸರ್ವಿಸ್ ಕಾಗದ ಕೇಳಿ.

ಆಮೇಲೆ ಲೆನ್ಸ್ ಮುಚ್ಚಳ ಹಾಕಿ 1/60ರಲ್ಲಿ ಒಂದು ಫೋಟೋ ತೆಗೆದು ಹಿಗ್ಗಿಸಿ. ಕೆಂಪು, ನೀಲಿ, ಬಿಳಿ ಚುಕ್ಕೆಗಳು ಹೊಳೆಯುತ್ತಿದ್ದರೆ ಸೆನ್ಸರಿನ ಆ ಪಿಕ್ಸೆಲ್‌ಗಳು ಕೆಟ್ಟಿವೆ. 30 ಸೆಕೆಂಡಿನ ಫೋಟೋದಲ್ಲಿ ಕೆಲವು ಕಾಣುವುದು ಸಹಜ. 1/60ರಲ್ಲೇ ಕಂಡರೆ ಬೆಲೆ ಇಳಿಸಿ ಅಥವಾ ಬಿಟ್ಟುಬಿಡಿ.

### ಶಟರ್ ಕೌಂಟ್

ಶಟರ್ ಇಲ್ಲಿಯವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ ಅನ್ನುವ ಲೆಕ್ಕ ಇದು. ನಿಕಾನ್ ಬಾಡಿಯಲ್ಲಿ ತೆಗೆದ ಫೋಟೋ ಫೈಲಿನಲ್ಲೇ ಈ ಸಂಖ್ಯೆ ಇರುತ್ತದೆ. ಎಕ್ಸಿಫ್‌ಟೂಲ್ ತೋರಿಸುತ್ತದೆ. ಕ್ಯಾನನ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಫೈಲಿನಿಂದ ಸಿಗುವುದಿಲ್ಲ, ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರಿನಿಂದ ಓದಬೇಕು. ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್ ಶಟರಿಗೆ ಸಾಮಾನ್ಯವಾಗಿ 1,00,000 ಸಲದ ಲೆಕ್ಕ ಹೇಳುತ್ತಾರೆ. ನಿಕಾನ್ ಡಿ750, ಕ್ಯಾನನ್ 5ಡಿ ಮಾರ್ಕ್ 3ಕ್ಕೆ 1,50,000. ನಿಕಾನ್ ಡಿ850ಕ್ಕೆ 2,00,000. ಇದು ಗಡುವಲ್ಲ, ಅಂದಾಜು. ಲೆಕ್ಕ ದಾಟಿಯೂ ನಡೆಯುವ ಶಟರ್‌ಗಳಿವೆ. ಆದರೆ ಮದುವೆ ಫೋಟೋಗ್ರಾಫರ್ ಬಳಸಿದ ಬಾಡಿಗೂ ಮನೆಯಲ್ಲಿ ಬಳಸಿದ ಬಾಡಿಗೂ ವ್ಯತ್ಯಾಸ ತಿಳಿಯುವುದು ಇಲ್ಲೇ. "ಸ್ವಲ್ಪವೇ ಬಳಸಿದ್ದು" ಅನ್ನುವ ಮಾತಿಗೂ ಸಂಖ್ಯೆಗೂ ತಾಳೆಯಾಗದಿದ್ದರೆ ಉಳಿದ ಮಾತನ್ನೂ ನಂಬಬೇಡಿ. ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದ್ದು ಈ ಸವೆತಕ್ಕೆ ಸೇರುವುದಿಲ್ಲ.

### ಕನ್ನಡ ಪತ್ರಿಕೆಯಿಂದ ಲೆನ್ಸ್ ಪರೀಕ್ಷೆ

ಪತ್ರಿಕೆಯ ಪುಟವನ್ನು ಗೋಡೆಗೆ ಟೇಪ್ ಹಾಕಿ ಸಪಾಟಾಗಿ ಅಂಟಿಸಿ. ಎದುರಿಗೆ ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು, ಪುಟ ಫ್ರೇಮ್ ತುಂಬುವಂತೆ ಫೋಟೋ ತೆಗೆಯಿರಿ. ನಾಲ್ಕೂ ಮೂಲೆಗಳ ಒತ್ತಕ್ಷರಗಳನ್ನು ಹಿಗ್ಗಿಸಿ ನೋಡಿ. ಮೂಲೆಗಳು ನಡುವಿಗಿಂತ ತುಸು ಮಂದವಾಗಿದ್ದರೆ ಪರವಾಗಿಲ್ಲ. ಆದರೆ ಮೂರು ಮೂಲೆಗಳಲ್ಲಿ ಒತ್ತಕ್ಷರ ಓದಲು ಬಂದು ನಾಲ್ಕನೆಯದರಲ್ಲಿ ಕಲಸಿಹೋಗಿದ್ದರೆ ಲೆನ್ಸ್ ಒಳಗಿನ ಗಾಜು ವಾಲಿದೆ. ಬಹುಶಃ ಬಿದ್ದ ಲೆನ್ಸ್. ರಿಪೇರಿ ದುಬಾರಿ.

ಈಗ ಪತ್ರಿಕೆಯನ್ನು ಟೇಬಲ್ ಮೇಲೆ ಹಾಸಿ, ಓರೆಯಾಗಿ ಮೇಲಿನಿಂದ ನೋಡುತ್ತಾ ನಡುವಿನ ಒಂದು ತಲೆಬರಹಕ್ಕೆ ಫೋಕಸ್ ಮಾಡಿ. ಡಿಎಸ್‌ಎಲ್‌ಆರ್ ಆದರೆ ಒಮ್ಮೆ ವ್ಯೂಫೈಂಡರಿನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡುತ್ತಾ). ಲೈವ್ ವ್ಯೂನಲ್ಲಿ ಸರಿಯಾಗಿ ಬಂದು ವ್ಯೂಫೈಂಡರಿನಲ್ಲಿ ಮುಂದಿನ ಅಥವಾ ಹಿಂದಿನ ಸಾಲು ಸ್ಪಷ್ಟವಾದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಕೆಲವು ಬಾಡಿಗಳಲ್ಲಿ ಮೆನುವಿನಿಂದಲೇ ಸರಿಪಡಿಸಬಹುದು. ಇಲ್ಲದಿದ್ದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊನೆಗೆ ಲೆನ್ಸ್ ಕಳಚಿ ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತವೆ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಅಂದರೆ ಬೂಷ್ಟು. ಮಂಜು ಹಾಸಿದಂತಿದ್ದರೆ ಹೇಜ್. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯಬಾರದು. ಜೂಮ್ ತಿರುಗಿಸಿದಾಗ ಮರಳು ಉಜ್ಜಿದ ಸದ್ದು ಬರಬಾರದು.

### ತೂತುಗಳು, ಗುಂಡಿಗಳು

ಕಾರ್ಡ್ ಹಾಕಿ ತೆಗೆಯಿರಿ, ಫ್ಲ್ಯಾಶ್ ಹಾರಿಸಿ, ಪ್ರತಿ ಗುಂಡಿ ಒತ್ತಿ, ಟ್ರೈಪಾಡ್ ಸ್ಕ್ರೂ ಕೂರುತ್ತದೆಯೇ ನೋಡಿ, ಐದು ನಿಮಿಷ ವಿಡಿಯೋ ಓಡಿಸಿ. ಚಾರ್ಜರ್ ಕಂಪನಿಯದೇ ಇರಬೇಕು.

## ಹಂತ 7: ಮೊದಲ ವಾರ ಜೋರಾಗಿ ಬಳಸಿ

ಹೊಸದಾಗಲಿ, ಅಂಗಡಿಯಿಂದ ತಂದ ಸೆಕೆಂಡ್ ಹ್ಯಾಂಡ್ ಆಗಲಿ, ಹಿಂದಿರುಗಿಸುವ ಗಡುವು ಎಷ್ಟು ದಿನ ಎಂದು ಬರೆಸಿಕೊಳ್ಳಿ. ಆ ದಿನಗಳಲ್ಲೇ ಎಲ್ಲ ಬೆಳಕಿನಲ್ಲೂ ಬಳಸಿ. ಕ್ಯಾಮೆರಾ ತಂದು ಹಬ್ಬಕ್ಕೆ ಎತ್ತಿಡುವವರಿದ್ದಾರೆ. ಗಣಪತಿ ಬರುವ ಹೊತ್ತಿಗೆ ಗಡುವು ಮುಗಿದು, ಮುಂಬೈನ ಲಾಲ್‌ಬಾಗಿನ ಗಣಪತಿ ಗದ್ದಲದಲ್ಲಿ ದೋಷ ಬಯಲಾಗುತ್ತದೆ.

## ಹಂತ 8: ಮುಂಬೈ ಮಳೆಗಾಲಕ್ಕೆ ವ್ಯವಸ್ಥೆ

ಇದನ್ನು ಕ್ಯಾಮೆರಾ ಮನೆಗೆ ಬರುವ ಮೊದಲೇ ಮಾಡಿಡಿ. ಜುಲೈನಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ 80 ದಾಟುತ್ತದೆ. ಫಂಗಸ್‌ಗೆ ಬೇಕಿರುವುದು ತೇವ, ಕತ್ತಲೆ, ಅಲುಗಾಡದ ಗಾಳಿ. ಕ್ಯಾಮೆರಾ ಬ್ಯಾಗಿನೊಳಗೆ ಈ ಮೂರೂ ಇವೆ. ಬ್ಯಾಗ್ ಇರುವುದು ಒಯ್ಯಲಿಕ್ಕೆ, ಇಡಲಿಕ್ಕಲ್ಲ. ಚರ್ಮದ ಕೇಸ್ ಇನ್ನೂ ಕೆಟ್ಟದ್ದು.

ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಹೈಗ್ರೋಮೀಟರ್ ಇಡಿ. ಶೇ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರಾ ಕೆಳಗಿಳಿದರೆ ರಬ್ಬರ್, ಒಳಗಿನ ಗ್ರೀಸ್ ಒಣಗುತ್ತವೆ. ಲೆನ್ಸ್‌ಗಳು ನಾಲ್ಕೈದು ದಾಟಿದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಲಾಭ. ಅಕ್ಕಿ ಡಬ್ಬಿಯಲ್ಲಿ ಹೂಳುವುದು ಬೇಡ, ಅದರ ಪುಡಿ ಒಳಗೆ ಹೋಗುತ್ತದೆ.

ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಮುಗಿದಿದೆ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಕ್ಲೋರೈಡ್ ವಿಷ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಿತ್ತಳೆ ಬಣ್ಣದ್ದು ಕೊಂಡರೆ ಕೋಬಾಲ್ಟ್ ಇರುವುದಿಲ್ಲ.

ಎಸಿ ಲೋಕಲಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರತೆಗೆದರೆ ತಣ್ಣಗಿನ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒರೆಸಬೇಡಿ, ಲೆನ್ಸ್ ಕಳಚಬೇಡಿ. ಬ್ಯಾಗಿನ ಜಿಪ್ ಹಾಕಿದಂತೆಯೇ ಇಪ್ಪತ್ತು ಮೂವತ್ತು ನಿಮಿಷ ಬಿಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲಿ ಮರೀನ್ ಡ್ರೈವ್ ಅಲೆಗಳ ಫೋಟೋ ತೆಗೆದು ಬಂದ ದಿನ ಬಾಡಿಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ. ಉಪ್ಪು ರಾತ್ರಿ ಕಳೆಯುವವರೆಗೆ ಇರಬಾರದು. ವಾರಕ್ಕೊಮ್ಮೆಯಾದರೂ ಎಲ್ಲ ಲೆನ್ಸ್ ಹೊರತೆಗೆದು ಬಳಸಿ. ಎಳೆ ಕಂಡ ದಿನವೇ ಶುಚಿ ಮಾಡಿಸಿ. ತಡವಾದರೆ ಗಾಜಿನ ಲೇಪವನ್ನೇ ಅದು ತಿಂದುಬಿಡುತ್ತದೆ.

## ಹಂತ 9: ಮತ್ತೆ ಯಾವಾಗ ಬದಲಿಸಬೇಕು

ಹೊಸ ಮಾಡೆಲ್ ಬಂದಾಗ ಅಲ್ಲ. ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ: ತೆಗೆಯಬೇಕೆಂದುಕೊಂಡು ತೆಗೆಯಲಾಗದ ಫೋಟೋಗಳು, ಯಾಕೆ ಆಗಲಿಲ್ಲ ಅನ್ನುವ ಕಾರಣದ ಜೊತೆ. ವರ್ಷಕ್ಕೊಮ್ಮೆ ಓದಿ. "ಬೇಗ ಎದ್ದಿರಲಿಲ್ಲ", "ಉಬ್ಬರ ನೋಡಿರಲಿಲ್ಲ" ಅನ್ನುವವನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಲೆನ್ಸಿನಿಂದ ಸರಿಹೋಗುವವನ್ನು ಬೇರೆ ಮಾಡಿ. ಅದಾದ ಮೇಲೂ ಒಂದೇ ಕಾರಣ ಪದೇ ಪದೇ ಉಳಿದರೆ, ಉದಾಹರಣೆಗೆ ಓಡುವ ಮಕ್ಕಳ ಮೇಲೆ ಫೋಕಸ್ ನಿಲ್ಲುವುದೇ ಇಲ್ಲ ಎಂದಾದರೆ, ಆಗ ಬಾಡಿ ಬದಲಿಸಿ.

ವಿಷಯವೇ ಬದಲಾಗುವುದೂ ಉಂಟು. ಮಕ್ಕಳ ಫೋಟೋದಿಂದ ಶುರು ಮಾಡಿದವರು ಹಕ್ಕಿಗೆ ಹೋಗುತ್ತಾರೆ, ಬೆನ್ನು ನೋವು ಬಂದ ಮೇಲೆ ಬೀದಿ ಫೋಟೋಕ್ಕೆ ಬರುತ್ತಾರೆ. ಆಗ ಎರಡನೇ ಹಂತದ ಸಾಲನ್ನು ಹೊಸದಾಗಿ ಬರೆದು ಅಲ್ಲಿಂದ ಮುಂದುವರಿಯಿರಿ. ಹಳೆಯ ಸಾಲಿಗೆ ಹೊಂದಿಸಿ ಕೊಂಡ ಕ್ಯಾಮೆರಾವನ್ನು ಹೊಸ ಸಾಲಿಗೆ ಎಳೆಯಬೇಡಿ.

ಹಳೆಯದನ್ನು ಮಾರುವಾಗ ಬಿಲ್, ಡಬ್ಬಿ, ಚಾರ್ಜರ್ ಸಮೇತ ಕೊಟ್ಟರೆ ಬೆಲೆ ಚೆನ್ನಾಗಿ ಬರುತ್ತದೆ. ಸೆಟ್ಟಿಂಗ್ ರೀಸೆಟ್ ಮಾಡಿ, ನಿಮ್ಮ ಹೆಸರು ಹಾಕಿದ್ದರೆ ಅಳಿಸಿ, ಮೆಮೊರಿ ಕಾರ್ಡ್ ಕೊಡಬೇಡಿ. ಸೀರಿಯಲ್ ನಂಬರ್ ಬರೆದ ಕಾಗದಕ್ಕೆ ಕೊಂಡವರ ಸಹಿ ಹಾಕಿಸಿಕೊಳ್ಳಿ. ದುಡ್ಡು ಕಳಿಸುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಅದು ಮೋಸ. ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಖಾತೆಗೆ ಹಣ ಬಂದಿದೆಯೇ ಎಂದು ಬ್ಯಾಂಕಿನ ಆ್ಯಪ್ ತೆರೆದು ನೀವೇ ನೋಡಿ, ಆಮೇಲಷ್ಟೇ ಕ್ಯಾಮೆರಾ ಅವರ ಕೈಗೆ ಕೊಡಿ.